ಇನ್‌ಸ್ಟಾಲ್ ಅಂತ ಹೊಡೆದರೆ ಬರುವ ಪ್ಯಾಕೇಜನ್ನು ಕಟ್ಟುವವರು ಯಾರು?

ಕಳೆದ ಸಂಚಿಕೆಯಲ್ಲಿ ಕಾಂಡಾ-ಫೋರ್ಜ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರಕ್ಕೂ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ಬಿಲ್ಡ್ ಮಾಡಿ, ಅಂದರೆ ಸೋರ್ಸ್ ಕೋಡಿನಿಂದ ಓಡಿಸಲು ಸಿದ್ಧವಾದ ರೂಪಕ್ಕೆ ತಂದು, ಕಾಂಡಾ ಅನ್ನುವ ಇನ್‌ಸ್ಟಾಲ್ ಟೂಲ್ ಮೂಲಕ ಹಂಚುವ ಸ್ವಯಂಸೇವಕರ ಯೋಜನೆ ಅದು. ಬಂದ ಪತ್ರಗಳಲ್ಲಿ ಹೆಚ್ಚಿನವರು ಕೇಳಿದ್ದು ಆ ಬಿಲ್ಡ್ ಯಂತ್ರಗಳ ಬಗ್ಗೆ. ಅವನ್ನು ಯಾರು ನೋಡಿಕೊಳ್ಳುತ್ತಾರೆ, ಹೇಗೆ ನೋಡಿಕೊಳ್ಳುತ್ತಾರೆ, ನಾವೇ ಅಂಥದ್ದೊಂದನ್ನು ನಡೆಸಬೇಕಾದರೆ ಏನು ಗೊತ್ತಿರಬೇಕು ಅಂತ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಲ್ಯಾಬ್‌ನಲ್ಲಿ ನಾವು ಕಾಂಡಾ ಬಳಸಿ ಪೈಥಾನ್‌ನ ಗಣಿತದ ಲೈಬ್ರರಿ ನಮ್‌ಪೈ ಹಾಕಿಕೊಳ್ಳುತ್ತೇವೆ. ಒಂದು ನಿಮಿಷದಲ್ಲಿ ಬಂದುಬಿಡುತ್ತದೆ. ಅದರ ಒಳಗೆ ಸಿ ಕೋಡ್ ಇದೆ ಅಂತ ಮೇಡಂ ಹೇಳಿದರು. ಹಾಗಾದರೆ ಅದನ್ನು ಕಂಪೈಲ್ ಮಾಡಿದ್ದು ಎಲ್ಲಿ, ಯಾರು?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು)

ಉತ್ತರ: ನಿಮ್ಮ ಲ್ಯಾಪ್‌ಟಾಪ್ ಏನನ್ನೂ ಕಂಪೈಲ್ ಮಾಡಲಿಲ್ಲ. ಮೊದಲೇ ಕಂಪೈಲ್ ಆಗಿ ಕೂತಿದ್ದನ್ನು ಇಳಿಸಿಕೊಂಡಿತು, ಅಷ್ಟೆ.

ಕಾಂಡಾ-ಫೋರ್ಜ್ ಶುರುವಾಗಿದ್ದು 2015ರಲ್ಲಿ. ಅಲ್ಲಿ ಪ್ರತಿ ಪ್ಯಾಕೇಜಿಗೂ ಗಿಟ್‌ಹಬ್‌ನಲ್ಲಿ ಒಂದು ರೆಪೊ (ಫೈಲುಗಳನ್ನೂ ಅವುಗಳ ಬದಲಾವಣೆಗಳನ್ನೂ ಇಡುವ ಜಾಗ) ಇರುತ್ತದೆ. ಅದಕ್ಕೆ ಫೀಡ್‌ಸ್ಟಾಕ್ ಅನ್ನುತ್ತಾರೆ. ಈಗ ಇಂಥವು 20,000ಕ್ಕೂ ಜಾಸ್ತಿ ಇವೆ. ಒಳಗಿರುವುದು ಮುಖ್ಯವಾಗಿ ಒಂದು ರೆಸಿಪಿ ಫೈಲು. ಸೋರ್ಸ್ ಎಲ್ಲಿಂದ ತರಬೇಕು, ಅದರ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಏನು, ಯಾವ ಕಂಪೈಲರ್ ಬೇಕು, ಯಾವ ಲೈಬ್ರರಿ ಬೇಕು, ಬಿಲ್ಡ್ ಆದಮೇಲೆ ಏನನ್ನು ಟೆಸ್ಟ್ ಮಾಡಬೇಕು, ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಯಾರಾದರೂ ರೆಸಿಪಿ ಬದಲಿಸಿ ಒಪ್ಪಿಗೆ ಸಿಕ್ಕ ಕೂಡಲೇ ಸಿಐ ಯಂತ್ರಗಳು, ಅಂದರೆ ಬದಲಾವಣೆ ಬಂದಾಗಲೆಲ್ಲ ತಾವಾಗಿ ಬಿಲ್ಡ್ ಮಾಡಿ ಟೆಸ್ಟ್ ಮಾಡುವ ಯಂತ್ರಗಳು, ಕೆಲಸ ಶುರು ಮಾಡುತ್ತವೆ. ಲಿನಕ್ಸ್‌ನಲ್ಲಿ ಇಂಟೆಲ್, ಎಆರ್‌ಎಂ, ಪವರ್‌ಪಿಸಿ, ಮ್ಯಾಕ್‌ನಲ್ಲಿ ಇಂಟೆಲ್, ಆಪಲ್ ಸಿಲಿಕಾನ್, ಆಮೇಲೆ ವಿಂಡೋಸ್. ಆರು ಬಗೆಯ ಯಂತ್ರ, ನಾಲ್ಕು ಪೈಥಾನ್ ಆವೃತ್ತಿ ಅಂತ ಹಿಡಿದರೆ ನಮ್‌ಪೈನಂಥ ಒಂದೇ ಪ್ಯಾಕೇಜಿಗೆ 24 ಬಿಲ್ಡ್. ಪಾಸಾದ ಬಿಲ್ಡ್‌ಗಳು ಅನಕೊಂಡಾ ಕಂಪನಿಯ ಸರ್ವರ್‌ಗೆ ಹೋಗಿ ಕೂರುತ್ತವೆ. ಅಲ್ಲಿಂದ ನಿಮಗೆ.

ಈಗ ಈ 20,000 ರೆಪೊಗಳಲ್ಲಿ ಸಿಐಗೆ ಬೇಕಾದ ಸೆಟ್ಟಿಂಗ್ ಫೈಲುಗಳನ್ನು ಯಾರು ಬರೆಯುತ್ತಾರೆ ಹೇಳಿ? ಕೈಯಲ್ಲಿ ಯಾರೂ ಬರೆಯುವುದಿಲ್ಲ. ಕಾಂಡಾ-ಸ್ಮಿತಿ ಅನ್ನುವ ಒಂದು ಟೂಲ್ ರೆಸಿಪಿಯನ್ನು ಓದಿ ಅವನ್ನೆಲ್ಲ ತಾನೇ ತಯಾರಿಸುತ್ತದೆ. ಹಾಗೆ ಮತ್ತೆ ತಯಾರಿಸುವುದಕ್ಕೆ ಅಲ್ಲಿನವರು ರೀರೆಂಡರ್ ಅನ್ನುತ್ತಾರೆ. ಮೊದಲು ಮ್ಯಾಕ್‌ಗೆ ಟ್ರಾವಿಸ್, ಲಿನಕ್ಸ್‌ಗೆ ಸರ್ಕಲ್‌ಸಿಐ, ವಿಂಡೋಸ್‌ಗೆ ಆಪ್‌ವೇಯರ್ ಅಂತ ಮೂರು ಬೇರೆ ಬೇರೆ ಸೇವೆ ಬಳಸುತ್ತಿದ್ದರು. ಆಮೇಲೆ ಹೆಚ್ಚಿನ ಬಿಲ್ಡ್‌ಗಳನ್ನು ಮೈಕ್ರೋಸಾಫ್ಟ್‌ನ ಅಜ್ಯೂರ್ ಪೈಪ್‌ಲೈನ್ಸ್‌ಗೆ ಸಾಗಿಸಿದರು. ಸೆಟ್ಟಿಂಗ್ ಫೈಲುಗಳು ಕೈಬರಹದವಾಗಿದ್ದರೆ ಆ ಸಾಗಣೆ ಆಗುತ್ತಲೇ ಇರಲಿಲ್ಲ. ಈ ಅಂಕಣದಲ್ಲಿ ನಾನು ಬೇರೆ ಬೇರೆ ರೀತಿಯಲ್ಲಿ ಹೇಳಲಿರುವುದು ಇದನ್ನೇ: ಇಂಥ ವ್ಯವಸ್ಥೆಯಲ್ಲಿ ಕಾಲ ಕೆಳಗಿನ ನೆಲ ಸದಾ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಯಾವಾಗ ಬೇಕಾದರೂ ಎಲ್ಲವನ್ನೂ ಸುಲಭವಾಗಿ ಮತ್ತೆ ಬಿಲ್ಡ್ ಮಾಡುವ ಹಾಗೆ ಇಟ್ಟುಕೊಳ್ಳುವುದೇ ಅಸಲಿ ಕೆಲಸ.

ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ನಾನು ಉಬುಂಟು 24.04ರಲ್ಲಿ ಪ್ರೋಗ್ರಾಂ ಬಿಲ್ಡ್ ಮಾಡಿ ಗ್ರಾಹಕರಿಗೆ ಕಳಿಸಿದೆ. ಅವರ ಸರ್ವರ್‌ನಲ್ಲಿ 'ಜಿಲಿಬ್‌ಸಿ 2.34 ಸಿಗಲಿಲ್ಲ' ಅಂತ ಎರರ್. ಎಲ್ಲಾ ಲೈಬ್ರರಿಯನ್ನೂ ಜೊತೆಗೇ ಕಳಿಸಿದರೆ ಸರಿಹೋಗುತ್ತದಾ?
(ಡೆವಲಪರ್, ಹುಬ್ಬಳ್ಳಿ)

ಉತ್ತರ: ಜಿಲಿಬ್‌ಸಿಯನ್ನು ಮಾತ್ರ ಜೊತೆಗೆ ಕಳಿಸಲು ಹೋಗಬೇಡಿ. ಅದು ಲಿನಕ್ಸ್‌ನಲ್ಲಿ ಬಹುತೇಕ ಎಲ್ಲ ಪ್ರೋಗ್ರಾಂಗಳೂ ಆತುಕೊಂಡಿರುವ ಸಿ ಲೈಬ್ರರಿ. ಪ್ರೋಗ್ರಾಂ ಶುರುವಾಗುವಾಗ ಅದರ ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್ ಕೂಡ ಅದರದ್ದೇ ಭಾಗ. ಅದನ್ನು ಅರ್ಧ ಮಾತ್ರ ಬದಲಿಸಿದರೆ ಇನ್ನೂ ವಿಚಿತ್ರವಾದ ಕ್ರ್ಯಾಶ್‌ಗಳು ಬರುತ್ತವೆ.

ನಿಯಮ ಸರಳವಾಗಿದೆ. ಹಳೆಯ ಜಿಲಿಬ್‌ಸಿಯಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರಲ್ಲಿ ಬಿಲ್ಡ್ ಮಾಡಿದ್ದು ಹಳೆಯದರಲ್ಲಿ ಓಡುವ ಖಾತ್ರಿ ಇಲ್ಲ. ನಿಮಗೆ ಕಾಣಿಸಿದ 2.34 ಎಂಬ ಸಂಖ್ಯೆಗೂ ಕಾರಣ ಇದೆ. 2021ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ, ಅದುವರೆಗೆ ಬೇರೆಯಾಗಿದ್ದ ಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯ ಒಳಗೇ ಸೇರಿಸಿದರು. ಪ್ರೋಗ್ರಾಂ ಶುರುವಾಗುವಾಗ ಕರೆಯುವ ಫಂಕ್ಷನ್‌ಗೂ ಆಗಲೇ ಹೊಸ ಆವೃತ್ತಿ ಸಂಖ್ಯೆ ಬಂತು. ಹಾಗಾಗಿ ನೀವು ಬರೆದದ್ದು ಎರಡು ಸಾಲಿನ ಪ್ರೋಗ್ರಾಂ ಆದರೂ, ಅದನ್ನು ಉಬುಂಟು 22.04 ಅಥವಾ 24.04ರಲ್ಲಿ ಬಿಲ್ಡ್ ಮಾಡಿದರೆ ಅದು 2.34 ಬೇಕು ಅನ್ನುತ್ತದೆ. ಉಬುಂಟು 20.04ರಲ್ಲಿ ಇರುವುದು 2.31. ರೆಡ್‌ಹ್ಯಾಟ್ 8ರಲ್ಲಿ 2.28. ನಿಮ್ಮ ಗ್ರಾಹಕರ ಸರ್ವರ್ ಇಂಥದ್ದೇ ಯಾವುದೋ ಇರಬೇಕು.

ಪರಿಹಾರ ಏನೆಂದರೆ, ನೀವು ಬೆಂಬಲಿಸಬೇಕಾದ ಅತಿ ಹಳೆಯ ಲಿನಕ್ಸ್‌ನ ಹೆಡರ್ ಮತ್ತು ಲೈಬ್ರರಿಗಳನ್ನು ಇಟ್ಟುಕೊಂಡು ಬಿಲ್ಡ್ ಮಾಡುವುದು. ಪೈಥಾನ್ ವೀಲ್‌ಗಳ (ಮೊದಲೇ ಬಿಲ್ಡ್ ಆದ ಪೈಥಾನ್ ಪ್ಯಾಕೇಜುಗಳ) ಮೆನಿಲಿನಕ್ಸ್ 2014 ಅನ್ನುವ ಗುಣಮಟ್ಟ ಹೀಗೇ ಸೆಂಟೋಸ್ 7ರ ಮೇಲೆ ನಿಂತಿತ್ತು. ಅದರ ಜಿಲಿಬ್‌ಸಿ 2.17, ಬಿಡುಗಡೆಯಾಗಿದ್ದು 2012ರ ಕೊನೆಯಲ್ಲಿ. ಅಷ್ಟು ಹಳೆಯದನ್ನು ಹಿಡಿದುಕೊಂಡಿದ್ದರಿಂದಲೇ ಆ ವೀಲ್‌ಗಳು ಎಲ್ಲಿ ಹಾಕಿದರೂ ಓಡುತ್ತಿದ್ದವು.

ಆದರೆ ಹಳೆಯದು ಅಂದಮೇಲೆ ಒಂದು ದಿನ ಅದರ ಬಾಗಿಲೂ ಮುಚ್ಚುತ್ತದೆ. ಸೆಂಟೋಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅದರ ಪ್ಯಾಕೇಜುಗಳ ಪ್ರತಿ ಎಲ್ಲೆಲ್ಲಿ ಸಿಗುತ್ತದೆ ಅನ್ನುವ ಮಿರರ್ ಪಟ್ಟಿ ಕೊಡುತ್ತಿದ್ದ ಸರ್ವರ್ ಹೆಸರೇ ಇಲ್ಲವಾಯಿತು. ಸೆಂಟೋಸ್ 7ರ ಕಂಟೇನರ್ ಇಮೇಜಿನೊಳಗೆ (ಬಿಲ್ಡ್‌ಗೆ ಬಳಸುವ ಪ್ರತ್ಯೇಕ ಪುಟ್ಟ ಲಿನಕ್ಸ್ ಪರಿಸರದ ಅಚ್ಚು) ಯಮ್ ಅನ್ನುವ ಇನ್‌ಸ್ಟಾಲ್ ಟೂಲ್ ಓಡಿಸಿ ಏನಾದರೂ ಹಾಕಿಕೊಳ್ಳುತ್ತಿದ್ದ ಬಿಲ್ಡ್‌ಗಳೆಲ್ಲ ಒಂದೇ ಸಲ ಬಿದ್ದವು. ಹಳೆಯ ಪ್ಯಾಕೇಜುಗಳನ್ನು ಇಟ್ಟಿರುವ ವಾಲ್ಟ್ ಸರ್ವರ್‌ಗೆ ವಿಳಾಸ ತಿರುಗಿಸಿದವರು ಸ್ವಲ್ಪ ಕಾಲ ಉಸಿರಾಡಿದರು. ಕಾಂಡಾ-ಫೋರ್ಜ್‌ನ ವಿಧಾನ ನನಗೆ ಇಷ್ಟವಾಗುವುದು ಇಲ್ಲೇ. ಅವರು ಹಳೆಯ ಜಿಲಿಬ್‌ಸಿಯ ಹೆಡರ್ ಮತ್ತು ಲೈಬ್ರರಿಗಳನ್ನು ಸಿಸ್‌ರೂಟ್ ಅನ್ನುವ ಹೆಸರಿನಲ್ಲಿ ಒಂದು ಪ್ಯಾಕೇಜನ್ನಾಗಿಯೇ ಮಾಡಿಕೊಂಡಿದ್ದಾರೆ. ಕಂಟೇನರ್ ಹೊಸದಾಗಿರಬಹುದು, ಕಂಪೈಲರ್ ಹೊಸದಾಗಿರಬಹುದು, ಲಿಂಕ್ ಮಾತ್ರ ಹಳೆಯ ಸಿಸ್‌ರೂಟ್‌ಗೆ. ಎರಡನ್ನೂ ಬೇರೆ ಮಾಡಿದ್ದರಿಂದ ಒಂದು ಹೋದರೆ ಇನ್ನೊಂದು ಬೀಳುವುದಿಲ್ಲ.

ನೀವು ಈಗ ಹೊಸದಾಗಿ ಶುರು ಮಾಡುವುದಾದರೆ ಆಲ್ಮಾಲಿನಕ್ಸ್ 8, ಅಂದರೆ 2.28ರಿಂದ ಶುರು ಮಾಡಿ. ಮೆನಿಲಿನಕ್ಸ್‌ನವರೂ ಅಲ್ಲಿಗೇ ಬಂದಿದ್ದಾರೆ.

ಪ್ರಶ್ನೆ: ಕಾಂಡಾ ಪ್ಯಾಕೇಜೊಂದನ್ನು ಬಿಚ್ಚಿ ಒಳಗಿನ ಬೈನರಿ ನೋಡಿದೆ. 'ಪ್ಲೇಸ್‌ಹೋಲ್ಡ್ ಪ್ಲೇಸ್‌ಹೋಲ್ಡ್ ಪ್ಲೇಸ್‌ಹೋಲ್ಡ್' ಅಂತ ಉದ್ದಕ್ಕೆ ಬರೆದಿದೆ. ವೈರಸ್ ಏನಾದರೂ ಇರಬಹುದಾ?
(ಲ್ಯಾಬ್ ಸಹಾಯಕ, ಧಾರವಾಡ)

ಉತ್ತರ: ವೈರಸ್ ಅಲ್ಲ, ಗಾಬರಿ ಬೇಡ. ಬಿಚ್ಚಿ ನೋಡುವ ನಿಮ್ಮ ಕುತೂಹಲ ಇಷ್ಟವಾಯಿತು.

ಬಹಳಷ್ಟು ಸಾಫ್ಟ್‌ವೇರ್ ಬಿಲ್ಡ್ ಆಗುವಾಗ ತಾನು ಕೊನೆಗೆ ಎಲ್ಲಿ ಕೂರುತ್ತೇನೆ ಅನ್ನುವ ಪೂರ್ತಿ ಪಾತ್ ಅನ್ನು ಬೈನರಿಯೊಳಗೇ ಬರೆದುಕೊಳ್ಳುತ್ತದೆ. ಆದರೆ ನೀವು ಅದನ್ನು ಯಾವ ಫೋಲ್ಡರ್‌ಗೆ ಹಾಕುತ್ತೀರಿ ಅಂತ ಬಿಲ್ಡ್ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಾಂಡಾದವರು ಬಿಲ್ಡ್ ಮಾಡುವಾಗ ಫೋಲ್ಡರ್ ಹೆಸರನ್ನು ಬೇಕೆಂದೇ 255 ಅಕ್ಷರದವರೆಗೆ ಎಳೆಯುತ್ತಾರೆ. ನೀವು ನೋಡಿದ್ದು ಆ ಭರ್ತಿ ಅಕ್ಷರಗಳನ್ನೇ. ಇನ್‌ಸ್ಟಾಲ್ ಆಗುವಾಗ ಕಾಂಡಾ ಆ ಜಾಗದಲ್ಲಿ ನಿಮ್ಮ ನಿಜವಾದ ಪಾತ್ ಬರೆದು, ಉಳಿದ ಜಾಗವನ್ನು ಸೊನ್ನೆ ಬೈಟ್‌ಗಳಿಂದ ತುಂಬುತ್ತದೆ. ಉದ್ದದ ಜಾಗದಲ್ಲಿ ಗಿಡ್ಡದ್ದನ್ನು ಬರೆಯಬಹುದು, ಉಲ್ಟಾ ಆಗುವುದಿಲ್ಲ, ಅಲ್ವಾ? ಅದಕ್ಕೇ ಅಷ್ಟು ಉದ್ದ.

ಇದರಿಂದ ಮ್ಯಾಕ್‌ನಲ್ಲಿ ಇನ್ನೊಂದು ತಲೆನೋವು ಬಂತು. ಆಪಲ್ ಸಿಲಿಕಾನ್ ಯಂತ್ರಗಳು ಸಹಿ ಇಲ್ಲದ ಬೈನರಿಯನ್ನು ಓಡಿಸುವುದೇ ಇಲ್ಲ. ಒಳಗಿನ ಬೈಟ್ ಬದಲಿಸಿದರೆ ಇದ್ದ ಸಹಿ ಕೆಡುತ್ತದೆ. ಹಾಗಾಗಿ ಅಲ್ಲಿ ಪಾತ್ ಬರೆದ ಮೇಲೆ ಕಾಂಡಾ ಮತ್ತೆ ಸಹಿ ಹಾಕುತ್ತದೆ. ನೀವೇ ಪ್ಯಾಕೇಜಿಂಗ್ ಟೂಲ್ ಬರೆಯುತ್ತಿದ್ದರೆ ಈ ಹೆಜ್ಜೆ ಮರೆಯಬೇಡಿ. ಮರೆತರೆ ಪ್ರೋಗ್ರಾಂ ಯಾವ ವಿವರಣೆಯನ್ನೂ ಕೊಡದೆ ಸುಮ್ನೆ 'ಕಿಲ್ಡ್' ಅಂತ ಹೇಳಿ ಸಾಯುತ್ತದೆ, ಕಾರಣ ಹುಡುಕುವಷ್ಟರಲ್ಲಿ ಸಾಕಾಗಿಹೋಗುತ್ತದೆ. ವಿಂಡೋಸ್‌ನಲ್ಲಿ ಉದ್ದದ ಫೋಲ್ಡರ್ ಹೆಸರಿನ ಈ ಉಪಾಯ ನಡೆಯುವುದಿಲ್ಲ. ಪೂರ್ತಿ ಪಾತ್‌ಗೆ 260 ಅಕ್ಷರದ ಮಿತಿ ಅಲ್ಲಿನ ಹಳೆಯ ಕಾಯಿಲೆ.

ಪ್ರಶ್ನೆ: ನಮ್ಮ ತಂಡ ಮ್ಯಾಕ್‌ಗೂ ಬಿಲ್ಡ್ ಕೊಡಬೇಕು. ಆಫೀಸಿನಲ್ಲಿ ದೊಡ್ಡ ಲಿನಕ್ಸ್ ಸರ್ವರ್ ಇದೆ. ಅದರಲ್ಲೇ ಮ್ಯಾಕ್‌ಒಎಸ್ ವರ್ಚುವಲ್ ಮಷಿನ್ ಓಡಿಸಿದರೆ ಖರ್ಚು ಉಳಿಯುತ್ತದೆ ಅಂತ ಒಬ್ಬರು ಹೇಳುತ್ತಾರೆ. ಸರಿಯಾ?
(ಟೀಮ್ ಲೀಡ್, ಬೆಂಗಳೂರು)

ಉತ್ತರ: ಸರಿಯಲ್ಲ. ಆಪಲ್‌ನ ಲೈಸೆನ್ಸ್ ಪ್ರಕಾರ ಮ್ಯಾಕ್‌ಒಎಸ್ ಆಪಲ್ ಯಂತ್ರದ ಮೇಲೆ ಮಾತ್ರ ಓಡಬೇಕು. ಒಂದು ಯಂತ್ರದಲ್ಲಿ ಹೆಚ್ಚುವರಿಯಾಗಿ ಎರಡು ವರ್ಚುವಲ್ ಪ್ರತಿಗಳಿಗೆ ಅವಕಾಶ. ಕ್ಲೌಡ್‌ನಲ್ಲಿ ಮ್ಯಾಕ್ ದುಬಾರಿ ಆಗಿರುವುದಕ್ಕೂ ಲೈಸೆನ್ಸ್ ಒಂದು ಕಾರಣ. ಅಮೆಜಾನ್‌ನಲ್ಲಿ ಮ್ಯಾಕ್ ಯಂತ್ರ ತೆಗೆದುಕೊಂಡರೆ ಕನಿಷ್ಠ 24 ಗಂಟೆಯ ಬಾಡಿಗೆ ಕೊಡಲೇಬೇಕು, ನಿಮ್ಮ ಬಿಲ್ಡ್ ಹತ್ತು ನಿಮಿಷದಲ್ಲಿ ಮುಗಿದರೂ ಸರಿ.

ನಿಮ್ಮಂಥ ತಂಡಕ್ಕೆ ಒಂದು ಮ್ಯಾಕ್ ಮಿನಿ ಕೊಂಡು ಕಪಾಟಿನಲ್ಲಿ ಇಡುವುದು, ಇಲ್ಲವೇ ಗಿಟ್‌ಹಬ್‌ನಂಥವರ ಹೋಸ್ಟೆಡ್ ರನ್ನರ್ (ಅವರೇ ನಡೆಸುವ ಬಿಲ್ಡ್ ಯಂತ್ರ) ಬಳಸುವುದು, ಇವೆರಡೇ ನೇರ ದಾರಿ. ನಿಮ್ಮ ಕೋಡ್ ಓಪನ್ ಸೋರ್ಸ್ ಆಗಿದ್ದರೆ ಎರಡನೆಯದು ಪುಕ್ಕಟೆ ಸಿಗುತ್ತದೆ.

ಒಂದು ಬಗೆಯ ಯಂತ್ರದಲ್ಲಿ ಕೂತು ಇನ್ನೊಂದು ಬಗೆಯದಕ್ಕೆ ಬಿಲ್ಡ್ ಮಾಡುವ ಕ್ರಾಸ್ ಕಂಪೈಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2020ರ ನವೆಂಬರ್‌ನಲ್ಲಿ ಎಂ1 ಮ್ಯಾಕ್ ಬಂದಾಗ ಸಿಐ ಸೇವೆಗಳಲ್ಲಿ ಆ ಯಂತ್ರಗಳು ಇರಲೇ ಇಲ್ಲ. ಜನ ಆಗಲೇ ಹೊಸ ಲ್ಯಾಪ್‌ಟಾಪ್ ಕೊಂಡು ಪ್ಯಾಕೇಜ್ ಎಲ್ಲಿ ಅಂತ ಕೇಳುತ್ತಿದ್ದರು. ಕಾಂಡಾ-ಫೋರ್ಜ್‌ನವರು ಇಂಟೆಲ್ ಮ್ಯಾಕ್‌ಗಳ ಮೇಲೆ ಕೂತೇ ಹೊಸ ಚಿಪ್‌ಗೆ ಕ್ರಾಸ್ ಕಂಪೈಲ್ ಮಾಡಿದರು. ಅದರಲ್ಲಿ ಎರಡು ಕಷ್ಟ. ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ಒಂದು ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ, ಅದನ್ನು ಓಡಿಸಿ, ಬಂದ ಉತ್ತರದ ಮೇಲೆ ತೀರ್ಮಾನ ಮಾಡುತ್ತವೆ. ಬೇರೆ ಚಿಪ್‌ಗೆ ಮಾಡಿದ ಪ್ರೋಗ್ರಾಂ ಈ ಯಂತ್ರದಲ್ಲಿ ಓಡುವುದಿಲ್ಲವಲ್ಲ, ಹಾಗಾಗಿ ಆ ಉತ್ತರಗಳನ್ನು ನಾವೇ ಮೊದಲೇ ಬರೆದುಕೊಡಬೇಕು. ಎರಡನೆಯದು, ಬಿಲ್ಡ್ ಆದ ಪ್ಯಾಕೇಜನ್ನು ಅಲ್ಲೇ ಟೆಸ್ಟ್ ಮಾಡಲು ಆಗುವುದಿಲ್ಲ. ಟೆಸ್ಟ್ ಆಗದ ಬೈನರಿಯನ್ನು ಜನರಿಗೆ ಕೊಡುವಾಗ ಮೇಂಟೇನರ್‌ಗೆ (ಪ್ಯಾಕೇಜನ್ನು ನೋಡಿಕೊಳ್ಳುವವರಿಗೆ) ನಿದ್ದೆ ಬರುವುದಿಲ್ಲ. ನೀವು ಕ್ರಾಸ್ ಕಂಪೈಲ್ ದಾರಿ ಹಿಡಿದರೆ, ಬಿಲ್ಡ್ ಎಲ್ಲೇ ಆಗಲಿ, ಟೆಸ್ಟ್ ಮಾಡಲಿಕ್ಕಾದರೂ ಒಂದು ನಿಜವಾದ ಯಂತ್ರ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಒಎಸ್ 26 ಕೊನೆಯದು ಅಂತ ಆಪಲ್ 2025ರ ಜೂನ್‌ನಲ್ಲಿ ಹೇಳಿಬಿಟ್ಟಿದೆ. ಹೊಸದಾಗಿ ಯಂತ್ರ ಕೊಳ್ಳುವಾಗ ಲೆಕ್ಕದಲ್ಲಿರಲಿ.

ಪ್ರಶ್ನೆ: ನಿನ್ನೆ ಪಾಸಾದ ಬಿಲ್ಡ್ ಇವತ್ತು ಫೇಲ್. ಕೋಡ್‌ನಲ್ಲಿ ಒಂದು ಅಕ್ಷರವನ್ನೂ ಬದಲಿಸಿಲ್ಲ. ಇದು ಹೇಗೆ ಸಾಧ್ಯ?
(ಮಂಗಳೂರು)

ಉತ್ತರ: ನೀವು ಬದಲಿಸಿಲ್ಲ, ನಿಮ್ಮ ಸುತ್ತಲಿನದು ಬದಲಾಗಿದೆ. ಮೊದಲು ನೋಡಬೇಕಾದ್ದು ಸಿಐ ಇಮೇಜ್. 'ಲೇಟೆಸ್ಟ್' ಅಂತ ಬರೆದಿದ್ದರೆ ಅದು ಇವತ್ತು ನಿನ್ನೆಯದಲ್ಲ. ಆಮೇಲೆ ಆವೃತ್ತಿ ನಮೂದಿಸದೆ ತರುತ್ತಿರುವ ಲೈಬ್ರರಿಗಳು.

ಅದೂ ಅಲ್ಲದಿದ್ದರೆ ಇನ್ನೂ ಆಳಕ್ಕೆ ಹೋಗಬೇಕು. 2020ರ ನವೆಂಬರ್‌ನಲ್ಲಿ ಕಂಟೇನರ್ ಇಮೇಜುಗಳನ್ನು ಹಂಚುವ ಡಾಕರ್ ಹಬ್, ಲಾಗಿನ್ ಆಗದವರಿಗೆ ಆರು ಗಂಟೆಗೆ 100 ಪುಲ್ (ಡೌನ್‌ಲೋಡ್) ಅಂತ ಮಿತಿ ಹಾಕಿತು. ಒಂದೇ ಐಪಿಯ ಹಿಂದೆ ನೂರಾರು ಬಿಲ್ಡ್ ಓಡಿಸುತ್ತಿದ್ದವರಿಗೆ ಇದು ಜೋರಾಗಿಯೇ ತಟ್ಟಿತು. 2021ರ ಸೆಪ್ಟೆಂಬರ್ 30ರಂದು ವೆಬ್ ಸೈಟುಗಳ ಗುರುತಿಗೆ ಬಳಸುವ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟುಗಳು ನೆಚ್ಚಿಕೊಂಡಿದ್ದ ಒಂದು ಹಳೆಯ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಸೆಂಟೋಸ್ 7ರಲ್ಲಿದ್ದಂಥ ಹಳೆಯ ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಲೈಬ್ರರಿ) ಇಟ್ಟುಕೊಂಡಿದ್ದ ಯಂತ್ರಗಳು, ಚೆನ್ನಾಗೇ ಇದ್ದ ಸೈಟುಗಳಿಂದಲೂ ಸೋರ್ಸ್ ಇಳಿಸಲು ಒಪ್ಪಲಿಲ್ಲ.

2023ರ ಜನವರಿ 30ರಂದು ಆದದ್ದಂತೂ ಪ್ಯಾಕೇಜಿಂಗ್ ಮಾಡುವವರೆಲ್ಲ ತಿಳಿದಿರಬೇಕಾದ ಸಂಗತಿ. ಗಿಟ್‌ಹಬ್‌ನಲ್ಲಿ ಯಾವುದೇ ಟ್ಯಾಗ್‌ನ (ಹೆಸರಿಟ್ಟು ಗುರುತಿಸಿದ ಆವೃತ್ತಿಯ) ಸೋರ್ಸ್ ಟಾರ್‌ಬಾಲ್, ಅಂದರೆ ಎಲ್ಲ ಫೈಲುಗಳನ್ನೂ ಒಂದೇ ಕಟ್ಟಾಗಿ ಕಂಪ್ರೆಸ್ ಮಾಡಿದ ಫೈಲು, ಕೇಳಿದರೆ ಅದು ಆಗಿಂದಾಗ ತಯಾರಾಗಿ ಬರುತ್ತದೆ. ಆ ದಿನ ಅವರು ತಮ್ಮಲ್ಲಿನ ಗಿಟ್ ಸಾಫ್ಟ್‌ವೇರನ್ನು ಮೇಲ್ದರ್ಜೆಗೆ ಏರಿಸಿದರು. ಹೊಸ ಗಿಟ್, ಹೊರಗಿನ ಜಿಜಿಪ್ ಬದಲು ತನ್ನೊಳಗಿನ ಕೋಡ್‌ನಿಂದಲೇ ಕಂಪ್ರೆಸ್ ಮಾಡುತ್ತಿತ್ತು. ಒಳಗಿನ ಫೈಲುಗಳು ಅವೇ, ಹೊರಗಿನ ಬೈಟ್‌ಗಳು ಮಾತ್ರ ಬೇರೆ. ರೆಸಿಪಿಗಳಲ್ಲಿ ಬರೆದಿಟ್ಟ ಚೆಕ್‌ಸಮ್‌ಗಳು ತಾಳೆಯಾಗದೆ ಜಗತ್ತಿನಾದ್ಯಂತ ಬಿಲ್ಡ್‌ಗಳು ನಿಂತವು. ಗಿಟ್‌ಹಬ್ ಅವತ್ತೇ ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಇದರಿಂದ ಕಲಿಯಬೇಕಾದ್ದು ಏನೆಂದರೆ, ಮೂಲ ಲೇಖಕರು ರಿಲೀಸ್‌ಗೆ ಲಗತ್ತಿಸಿದ ಟಾರ್‌ಬಾಲ್ ಇದ್ದರೆ ಅದನ್ನು ಬಳಸಿ. ತಾನಾಗಿ ತಯಾರಾಗುವುದನ್ನು ಬಳಸಲೇಬೇಕಾದರೆ ಒಂದು ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಆದರೆ ಮುಂದಿನ ಎರಡನೇ ಪ್ರಶ್ನೆಗೆ ಕೊಟ್ಟ ಉತ್ತರವನ್ನೂ ಓದಿ, ಲಗತ್ತಿಸಿದ ಟಾರ್‌ಬಾಲ್‌ಗೂ ಅಪಾಯ ಇದೆ.

ಇನ್ನೊಂದು ಅಭ್ಯಾಸ ರೂಢಿಸಿಕೊಳ್ಳಿ. ಯಾರೂ ಏನೂ ಬದಲಿಸದಿದ್ದರೂ ವಾರಕ್ಕೊಮ್ಮೆ ಎಲ್ಲವನ್ನೂ ಮೊದಲಿನಿಂದ ಬಿಲ್ಡ್ ಮಾಡಿಸಿ. ಬಿಡುಗಡೆಯ ಹಿಂದಿನ ರಾತ್ರಿ ಗೊತ್ತಾಗುವುದಕ್ಕಿಂತ ಒಂದು ಸುಮ್ಮನೆಯ ಮಂಗಳವಾರ ಗೊತ್ತಾಗುವುದು ಎಷ್ಟೋ ವಾಸಿ.

ಪ್ರಶ್ನೆ: ದೊಡ್ಡ ಸಿ++ ಪ್ರಾಜೆಕ್ಟ್. ಹೋಸ್ಟೆಡ್ ರನ್ನರ್‌ನಲ್ಲಿ ಆರು ಗಂಟೆ ಓಡಿ ನಿಂತುಬಿಡುತ್ತದೆ. ಏನು ಮಾಡಲಿ?
(ಬೆಳಗಾವಿ)

ಉತ್ತರ: ಆರು ಗಂಟೆ ಎನ್ನುವುದು ಆ ಸೇವೆಗಳ ಮಿತಿ. ಪೈಟಾರ್ಚ್‌ನಂಥ ಪ್ಯಾಕೇಜುಗಳಿಗೂ ಇದೇ ಗೋಳು. ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮತ್ತೆ ಬಳಸುವ ಸಿಕ್ಯಾಷ್ ಹಾಕಿ, ಪ್ಯಾಕೇಜನ್ನು ತುಂಡು ಮಾಡಿ, ಬೇಡದ ಟೆಸ್ಟ್ ಬೈನರಿಗಳನ್ನು ಬಿಡಿ. ಮಧ್ಯದಲ್ಲೇ ಸಾಯುತ್ತಿದ್ದರೆ ಸಮಯಕ್ಕಿಂತ ಮೆಮೊರಿ ಕಾರಣ ಇರಬಹುದು. ಲಿಂಕ್ ಹಂತದಲ್ಲಿ ಒಂದೊಂದು ಲಿಂಕರೂ ಹಲವು ಜಿಬಿ ನುಂಗುತ್ತದೆ, ಸಮಾನಾಂತರ ಲಿಂಕ್‌ಗಳನ್ನು ಕಡಿಮೆ ಮಾಡಿ ನೋಡಿ.

ಸ್ವಂತ ಯಂತ್ರವನ್ನೇ ರನ್ನರ್ ಮಾಡುವುದಾದರೆ ಒಂದು ಎಚ್ಚರಿಕೆ: ಸಾರ್ವಜನಿಕ ರೆಪೊಗೆ ಅದನ್ನು ಕಟ್ಟಬೇಡಿ. ಗೊತ್ತುಗುರಿ ಇಲ್ಲದವರು ಕಳಿಸಿದ ಪುಲ್ ರಿಕ್ವೆಸ್ಟ್‌ನ (ಈ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ) ಕೋಡ್ ನಿಮ್ಮ ಆಫೀಸಿನ ಯಂತ್ರದಲ್ಲಿ ಓಡುತ್ತದೆ. ಕಟ್ಟಲೇಬೇಕಾದರೆ ಪ್ರತಿ ಬಿಲ್ಡ್ ಆದಮೇಲೆ ಅಳಿಸಿಹೋಗುವ ವರ್ಚುವಲ್ ಮಷಿನ್ ಬಳಸಿ.

ಪ್ರಶ್ನೆ: ಯಾರೋ ಕಂಪೈಲ್ ಮಾಡಿದ ಬೈನರಿಯನ್ನು ನಂಬಿ ಹೇಗೆ ಹಾಕಿಕೊಳ್ಳುವುದು? ಎಕ್ಸ್‌ಝಡ್ ಪ್ರಕರಣದ ಬಗ್ಗೆ ಓದಿದ ಮೇಲೆ ಭಯವಾಗುತ್ತದೆ.
(ಕಂಪ್ಯೂಟರ್ ಶಿಕ್ಷಕರು, ಶಿವಮೊಗ್ಗ)

ಉತ್ತರ: ಭಯಕ್ಕೆ ಕಾರಣ ಇದೆ ಸರ್. ಆ ಪ್ರಕರಣದಲ್ಲಿ ಹಿಂಬಾಗಿಲಿನ ಕೋಡ್ ಒಳಗೆ ಬರಲು ಆರಿಸಿಕೊಂಡ ದಾರಿಯೇ ಬಿಲ್ಡ್ ವ್ಯವಸ್ಥೆ.

ಓದದವರಿಗಾಗಿ ಚಿಕ್ಕದಾಗಿ: ಎಕ್ಸ್‌ಝಡ್ ಅನ್ನುವುದು ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುವ ಒಂದು ಕಂಪ್ರೆಷನ್ ಟೂಲ್. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇತ್ತು. 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರಾಯ್ಂಡ್. ಮೈಕ್ರೋಸಾಫ್ಟ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೆಲಸ ಮಾಡುವ ಅವರಿಗೆ, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಹೋಗುವ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾದದ್ದು ಕಣ್ಣಿಗೆ ಬಿತ್ತು. ಅವರು ಅದರ ಬೆನ್ನು ಬಿಡಲಿಲ್ಲ.

ಪ್ಯಾಕೇಜಿಂಗ್ ಮಾಡುವವರು ಗಮನಿಸಬೇಕಾದ್ದು ಇದು. ಆ ಹಿಂಬಾಗಿಲನ್ನು ತೆರೆಯುವ ಮೊದಲ ಸಾಲುಗಳು ಗಿಟ್ ರೆಪೊದಲ್ಲಿ ಇರಲಿಲ್ಲ. ರಿಲೀಸ್ ಟಾರ್‌ಬಾಲ್‌ನ ಒಂದು ಎಂ4 ಫೈಲಿನಲ್ಲಿ (ಬಿಲ್ಡ್ ಸ್ಕ್ರಿಪ್ಟ್ ತಯಾರಿಸಲು ಬಳಸುವ ಫೈಲು) ಮಾತ್ರ ಇದ್ದವು. ಅದೂ ಎಲ್ಲ ಬಿಲ್ಡ್‌ನಲ್ಲೂ ಕೆಲಸ ಮಾಡುತ್ತಿರಲಿಲ್ಲ. ಈಗ ನಡೆಯುತ್ತಿರುವುದು 64 ಬಿಟ್ ಇಂಟೆಲ್ ಲಿನಕ್ಸ್‌ಗಾಗಿ ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ಬಿಲ್ಡಾ ಅಂತ ಪರೀಕ್ಷಿಸಿ, ಹೌದಾದರೆ ಮಾತ್ರ ಎಚ್ಚರವಾಗುತ್ತಿತ್ತು. ಅಂದರೆ ಗುರಿ ಇದ್ದದ್ದು ಡೆವಲಪರ್ ಲ್ಯಾಪ್‌ಟಾಪಿನ ಮೇಲಲ್ಲ, ಹಂಚಿಕೆಯ ಬಿಲ್ಡ್ ಯಂತ್ರಗಳ ಮೇಲೆ. ಅಲ್ಲಿ ಒಂದು ಸಲ ಸೇರಿಕೊಂಡರೆ ಸಾಕು, ಉಳಿದ ಕಡೆಗೆ ಹಂಚುವ ಕೆಲಸವನ್ನು ನಾವೇ ಮಾಡಿಕೊಡುತ್ತೇವೆ. ಮ್ಯಾಕ್‌ಗೆ ಗುರಿ ಇಟ್ಟದ್ದಲ್ಲದಿದ್ದರೂ, ಮ್ಯಾಕ್‌ನಲ್ಲಿ ಜನಪ್ರಿಯವಾದ ಪ್ಯಾಕೇಜ್ ವ್ಯವಸ್ಥೆ ಹೋಮ್‌ಬ್ರೂನವರು ಕೂಡಲೇ 5.4.6ಕ್ಕೆ ಹಿಂದೆ ಸರಿದರು. ಹಾಗೆ ತಕ್ಷಣ ಹಿಂದೆ ಸರಿಯಲು ಸಾಧ್ಯವಾಗಿದ್ದು ಬೇಕೆಂದಾಗ ಮತ್ತೆ ಬಿಲ್ಡ್ ಮಾಡುವ ವ್ಯವಸ್ಥೆ ಕೈಯಲ್ಲಿ ಇದ್ದುದರಿಂದ.

ಇದಕ್ಕೆ ನನಗೆ ಕಾಣುವ ದೊಡ್ಡ ಮದ್ದು ರಿಪ್ರೊಡ್ಯೂಸಿಬಲ್ ಬಿಲ್ಡ್. ಅದೇ ಸೋರ್ಸ್, ಅದೇ ಟೂಲ್‌ಗಳು ಇದ್ದರೆ ಯಾರು ಬಿಲ್ಡ್ ಮಾಡಿದರೂ ಬೈಟ್ ಬೈಟೂ ಒಂದೇ ಬರಬೇಕು. ಡೆಬಿಯನ್‌ನವರು ಇದಕ್ಕಾಗಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ದುಡಿಯುತ್ತಿದ್ದಾರೆ. ಅಡ್ಡಿಗಳೆಲ್ಲ ಸಣ್ಣ ಸಣ್ಣವು: ಬೈನರಿಯೊಳಗೆ ಸೇರುವ ಬಿಲ್ಡ್ ದಿನಾಂಕ, ಫೋಲ್ಡರ್ ಹೆಸರು, ಫೈಲುಗಳನ್ನು ಓದುವ ಕ್ರಮ, ಭಾಷೆಯ ಸೆಟ್ಟಿಂಗ್. ದಿನಾಂಕದ ಸಮಸ್ಯೆಗೆ ಸೋರ್ಸ್ ಡೇಟ್ ಈಪಾಕ್ ಅನ್ನುವ ಒಂದು ವೇರಿಯಬಲ್ ಇದೆ. ಅದರಲ್ಲಿ ಕೊಟ್ಟ ದಿನಾಂಕವನ್ನೇ ಟೂಲ್‌ಗಳು ಬರೆಯುತ್ತವೆ. ಇದು ಟಾರ್‌ಬಾಲ್‌ನೊಳಗಿನ ವಿಷವನ್ನು ತಡೆಯುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಬಿಲ್ಡ್ ಯಂತ್ರದಲ್ಲೇ ಯಾರಾದರೂ ಕೈಯಾಡಿಸಿದರೆ ಇನ್ನೊಂದು ಯಂತ್ರದ ಫಲಿತಾಂಶ ಅದನ್ನು ಹಿಡಿದುಕೊಡುತ್ತದೆ. ಟಾರ್‌ಬಾಲ್ ವಿಷಯಕ್ಕೆ ಬೇರೆಯದೇ ಕೆಲಸ ಮಾಡಬೇಕು: ಅದನ್ನು ಗಿಟ್ ಟ್ಯಾಗ್ ಜೊತೆ ಹೋಲಿಸಿ ನೋಡಿ, ವ್ಯತ್ಯಾಸಕ್ಕೆ ಕಾರಣ ಕೇಳಬೇಕು.

ಕೀಲಿಗಳ ಮಾತೂ ಬರಬೇಕು. 2023ರ ಜನವರಿಯಲ್ಲಿ ಸರ್ಕಲ್‌ಸಿಐ ತನ್ನ ಗ್ರಾಹಕರಿಗೆಲ್ಲ, ನಮ್ಮಲ್ಲಿ ಇಟ್ಟಿರುವ ಗುಟ್ಟಿನ ಕೀಲಿಗಳನ್ನೆಲ್ಲ ಕೂಡಲೇ ಬದಲಿಸಿ ಎಂದು ಹೇಳಬೇಕಾಯಿತು. ಕೀಲಿ ಕಳುವಾಗುವ ದಿನ ಬರುತ್ತದೆ ಅಂತಲೇ ಲೆಕ್ಕ ಹಾಕಿ ವ್ಯವಸ್ಥೆ ಮಾಡಬೇಕು. ಕಾಂಡಾ-ಫೋರ್ಜ್‌ನಲ್ಲಿ ಬಿಲ್ಡ್ ಯಂತ್ರಕ್ಕೆ ಮುಖ್ಯ ಚಾನೆಲ್‌ನ (ಜನರು ಪ್ಯಾಕೇಜ್ ಇಳಿಸಿಕೊಳ್ಳುವ ಜಾಗದ) ಕೀಲಿಯೇ ಇರುವುದಿಲ್ಲ. ಅದು ಒಂದು ಮಧ್ಯದ ಚಾನೆಲ್‌ಗೆ ಹಾಕುತ್ತದೆ. ಈ ಫೀಡ್‌ಸ್ಟಾಕ್‌ಗೆ ಈ ಹೆಸರಿನ ಪ್ಯಾಕೇಜ್ ಕೊಡುವ ಹಕ್ಕು ಇದೆಯಾ, ಫೈಲ್ ಅದೇನಾ ಅಂತ ಬೇರೊಂದು ಸೇವೆ ನೋಡಿ ಆಮೇಲೆ ಮುಖ್ಯ ಚಾನೆಲ್‌ಗೆ ನಕಲು ಮಾಡುತ್ತದೆ. ಸಣ್ಣ ತಂಡವೂ ಇದನ್ನು ಮಾಡಬಹುದು, ದುಡ್ಡೇನೂ ಬೇಕಿಲ್ಲ.

ಪ್ರಶ್ನೆ: ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿ ಬದಲಾದರೆ ಅದನ್ನು ಬಳಸುವ ಸಾವಿರಾರು ಪ್ಯಾಕೇಜುಗಳನ್ನೂ ಮತ್ತೆ ಬಿಲ್ಡ್ ಮಾಡಬೇಕಲ್ಲ? ಮನುಷ್ಯರಿಂದ ಆಗುವ ಕೆಲಸವಾ ಇದು?
(ಡಬ್ಲಿನ್‌ನಲ್ಲಿರುವ ಕನ್ನಡಿಗರು)

ಉತ್ತರ: ಮನುಷ್ಯರಿಂದ ಮಾತ್ರ ಆಗದು. ಅದಕ್ಕೇ ಕಾಂಡಾ-ಫೋರ್ಜ್‌ನಲ್ಲಿ ಒಂದು ಬಾಟ್ ಇದೆ. ಯಾವ ಲೈಬ್ರರಿಯ ಯಾವ ಆವೃತ್ತಿಗೆ ಎಲ್ಲರೂ ಬಿಲ್ಡ್ ಮಾಡಬೇಕು ಅನ್ನುವ ಪಟ್ಟಿ ಒಂದೇ ಕಡೆ ಇದೆ, ಪಿನ್ನಿಂಗ್ ಅನ್ನುತ್ತಾರೆ. ಆ ಪಟ್ಟಿ ಬದಲಿಸುವ ತೀರ್ಮಾನವಾದರೆ ಅದನ್ನು ಮೈಗ್ರೇಷನ್ ಅಂತ ಘೋಷಿಸುತ್ತಾರೆ. ಬಾಟ್ ಅವಲಂಬನೆಯ ಕ್ರಮ ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗುತ್ತಾ ಒಂದೊಂದೇ ಫೀಡ್‌ಸ್ಟಾಕ್‌ಗೆ ಪುಲ್ ರಿಕ್ವೆಸ್ಟ್ ಕಳಿಸುತ್ತದೆ. ಪಾಸಾದರೆ ಮುಂದಿನದು. ಓಪನ್‌ಎಸ್‌ಎಸ್‌ಎಲ್ 3.0 ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ, ಹಿಂದಿನ 1.1.1ರ ಬೆಂಬಲ ಮುಗಿದದ್ದು 2023ರ ಸೆಪ್ಟೆಂಬರ್‌ನಲ್ಲಿ. ಆ ಎರಡು ವರ್ಷದೊಳಗೆ ಎಲ್ಲರೂ ದಾಟಬೇಕಿತ್ತು. ಪ್ರತಿ ಅಕ್ಟೋಬರ್‌ನಲ್ಲಿ ಹೊಸ ಪೈಥಾನ್ ಬಂದಾಗಲೂ ಇದೇ ಮೆರವಣಿಗೆ.

ಬಾಟ್ ಮಾಡಿದ್ದರಲ್ಲಿ ಬಹುಪಾಲು ತಾನಾಗಿ ದಾಟುತ್ತವೆ. ಸಿಕ್ಕಿಕೊಳ್ಳುವುದು ಯಾರೂ ನೋಡಿಕೊಳ್ಳದ ನಡುವಿನ ಪ್ಯಾಕೇಜುಗಳಲ್ಲಿ. ಒಂದು ಮೂಲೆಯ ಲೈಬ್ರರಿ ಫೇಲಾದರೆ ಅದರ ಮೇಲಿರುವ ಹತ್ತಾರು ಪ್ಯಾಕೇಜುಗಳು ಕಾಯುತ್ತಾ ನಿಲ್ಲುತ್ತವೆ. ಅಲ್ಲಿ ಮನುಷ್ಯರೇ ಕೂತು ಲಾಗ್ ಓದಬೇಕು.

ನಿಕ್ಸ್‌ನವರದು ಬೇರೆ ಯೋಚನೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ 2003ರ ಹೊತ್ತಿಗೆ ಏಲ್ಕೊ ಡೋಲ್‌ಸ್ಟ್ರಾ ಶುರು ಮಾಡಿದ ವ್ಯವಸ್ಥೆ ಅದು. ಅಲ್ಲಿ ಪ್ಯಾಕೇಜಿನ ವಿಳಾಸದಲ್ಲೇ ಅದರ ಎಲ್ಲ ಒಳಸುರಿಗಳ ಹ್ಯಾಷ್ ಇರುತ್ತದೆ. ಕೆಳಗೆ ಒಂದು ಅಕ್ಷರ ಬದಲಾದರೂ ಮೇಲಿನದೆಲ್ಲ ಹೊಸ ಬಿಲ್ಡ್. ಗೊಂದಲಕ್ಕೆ ಜಾಗವಿಲ್ಲ, ಆದರೆ ಯಂತ್ರಗಳ ಸಮಯವೂ ಡಿಸ್ಕ್ ಜಾಗವೂ ಜಾಸ್ತಿ ಬೇಕು. ದೊಡ್ಡ ಬದಲಾವಣೆಗಳನ್ನು ಸ್ಟೇಜಿಂಗ್ ಬ್ರಾಂಚಿನಲ್ಲಿ ಕೂಡಿಹಾಕಿ ಹೈಡ್ರಾ ಎಂಬ ಅವರ ಬಿಲ್ಡ್ ಸರ್ವರ್‌ಗೆ ಒಟ್ಟಿಗೆ ಕೊಡುತ್ತಾರೆ.

ಡಿಸ್ಕ್ ಅಂದಾಗ ನೆನಪಾಯಿತು, ಹೋಮ್‌ಬ್ರೂ ತನ್ನ ಬೈನರಿಗಳನ್ನು ಬಹಳ ಕಾಲ ಬಿನ್‌ಟ್ರೇ ಎಂಬ ಪುಕ್ಕಟೆ ಸೇವೆಯಲ್ಲಿ ಇಟ್ಟಿತ್ತು. ಅದು 2021ರ ಮೇ 1ಕ್ಕೆ ಮುಚ್ಚುತ್ತೇವೆ ಅಂತ ಆ ಫೆಬ್ರವರಿಯಲ್ಲಿ ಹೇಳಿತು. ಕೆಲವೇ ವಾರಗಳಲ್ಲಿ ಎಲ್ಲವನ್ನೂ ಗಿಟ್‌ಹಬ್ ಪ್ಯಾಕೇಜಸ್‌ಗೆ ಸಾಗಿಸಿದರು. ನೀವು ಪುಕ್ಕಟೆ ಸೇವೆ ಬಳಸುತ್ತಿದ್ದರೆ ಬಳಸಿ, ಆದರೆ ಡೌನ್‌ಲೋಡ್ ವಿಳಾಸ ನಿಮ್ಮ ಸ್ವಂತ ಡೊಮೈನ್‌ನದ್ದಾಗಿರಲಿ. ಹಿಂದಿನ ಮನೆ ಬದಲಾದರೂ ಬಳಸುವವರಿಗೆ ಗೊತ್ತಾಗಬಾರದು.

ಪ್ರಶ್ನೆ: ನನಗೆ ಸಿ ಬರುವುದಿಲ್ಲ, ಪೈಥಾನ್ ಸ್ವಲ್ಪ ಬರುತ್ತದೆ. ಇಂಥ ಕೆಲಸಕ್ಕೆ ನನ್ನಿಂದ ಏನಾದರೂ ಸಹಾಯ ಆಗುತ್ತದಾ?
(ಬಿಸಿಎ ವಿದ್ಯಾರ್ಥಿ, ತುಮಕೂರು)

ಉತ್ತರ: ಖಂಡಿತ ಆಗುತ್ತದೆ, ಮತ್ತು ತುಂಬಾ ಬೇಕಾಗಿದೆ. ಬಾಟ್ ಕಳಿಸಿದ ಪುಲ್ ರಿಕ್ವೆಸ್ಟ್‌ಗಳು ಎಷ್ಟೋ ಫೀಡ್‌ಸ್ಟಾಕ್‌ಗಳಲ್ಲಿ ನೋಡುವವರಿಲ್ಲದೆ ಕೂತಿರುತ್ತವೆ. ನೀವು ದಿನಾ ಬಳಸುವ ಒಂದು ಪೈಥಾನ್ ಪ್ಯಾಕೇಜ್ ಆರಿಸಿಕೊಳ್ಳಿ. ಹೊಸ ಆವೃತ್ತಿಯಲ್ಲಿ ಅವಲಂಬನೆಗಳು ಬದಲಾಗಿವೆಯಾ, ಲೈಸೆನ್ಸ್ ಫೈಲ್ ಇದೆಯಾ ನೋಡಿ. ಬಿಲ್ಡ್ ಫೇಲಾಗಿದ್ದರೆ ಲಾಗ್ ತೆರೆಯಿರಿ. ಕೊನೆಯಿಂದ ಓದಬೇಡಿ, ಮೊದಲ ಎರರ್ ಹುಡುಕಿ. ಕೊನೆಯಲ್ಲಿ ಕಾಣುವುದು ಬಹಳ ಸಲ ಅದರ ಪರಿಣಾಮ ಮಾತ್ರ. ಕಂಡದ್ದನ್ನು ಕಾಮೆಂಟಿನಲ್ಲಿ ಬರೆಯಿರಿ. 'ವಿಂಡೋಸ್‌ನಲ್ಲಿ ಮಾತ್ರ ಈ ಟೆಸ್ಟ್ ಬೀಳುತ್ತಿದೆ, ಫೈಲ್ ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಕಾರಣ ಇರಬಹುದು' ಅಂತ ಒಂದು ಸಾಲು ಬರೆದರೂ ಮೇಂಟೇನರ್‌ಗೆ ಅರ್ಧ ಸಂಜೆ ಉಳಿಯುತ್ತದೆ.

ಕನ್ನಡಕ್ಕೆ ಹತ್ತಿರದ ಕೆಲಸವೂ ಇದೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಝ್, ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸಲು ಬಳಸುವ ಐಸಿಯು, ಮುದ್ರಿತ ಕನ್ನಡವನ್ನು ಓದುವ ಟೆಸೆರಾಕ್ಟ್, ಮೂರೂ ಈ ವ್ಯವಸ್ಥೆಗಳಲ್ಲಿ ಬಿಲ್ಡ್ ಆಗುತ್ತವೆ. ಐಸಿಯುನ ಪ್ರತಿ ದೊಡ್ಡ ಆವೃತ್ತಿಯಲ್ಲೂ ಅದರ ಫಂಕ್ಷನ್ ಹೆಸರುಗಳಿಗೆ ಅಂಟಿಸಿದ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಅದನ್ನು ಬಳಸುವವೆಲ್ಲ ಮತ್ತೆ ಬಿಲ್ಡ್ ಆಗಲೇಬೇಕು. ರೆಸಿಪಿಗಳಲ್ಲಿನ ಟೆಸ್ಟ್ ಎಷ್ಟೋ ಸಲ ಲೈಬ್ರರಿ ತೆರೆಯುತ್ತದಾ ಅನ್ನುವುದಷ್ಟನ್ನೇ ನೋಡುತ್ತದೆ. ಹೊಸ ಬಿಲ್ಡ್ ಬಂದಾಗ 'ಕ್ಷ', 'ಜ್ಞ', 'ಸ್ತ್ರೀ', 'ರ್ಯ' ಇರುವ ನಾಲ್ಕು ಸಾಲು ಕೊಟ್ಟು ಲಿನಕ್ಸ್, ವಿಂಡೋಸ್ ಎರಡರಲ್ಲೂ ಒಂದೇ ಥರ ಬರುತ್ತದಾ ನೋಡಿ. ಬರದಿದ್ದರೆ ಎರಡೂ ಚಿತ್ರ, ಆವೃತ್ತಿ ಸಂಖ್ಯೆ, ಬಳಸಿದ ಫಾಂಟ್ ಹೆಸರು ಸೇರಿಸಿ ಆ ಫೀಡ್‌ಸ್ಟಾಕ್‌ನಲ್ಲಿ ಇಶ್ಯೂ ತೆರೆಯಿರಿ. ಮೇಂಟೇನರ್‌ಗೆ ಕನ್ನಡ ಬರದಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಯಾವುದು ಸರಿ, ಯಾವುದು ತಪ್ಪು ಅಂತ ಚಿತ್ರದ ಮೇಲೆ ಗುರುತು ಹಾಕಿ ಕಳಿಸಿ.